ಅತ್ತೆ ನೀರು ಕುಡಿಯದ ನಾಲ್ಕು ದಿನ

ಕಾಫಿ ಕುಯ್ಲು ಶುರುವಾಯಿತೆಂದರೆ ನಮ್ಮ ಮನೆಯ ಹೆಂಗಸರು ಹಗಲು ಹೊತ್ತು ನೀರು ಕುಡಿಯುತ್ತಿರಲಿಲ್ಲ. ಅದು ವ್ರತವೇನಲ್ಲ. ನಮ್ಮ ಮನೆ ಇದ್ದದ್ದೇ ತೋಟದ ಒಳಗೆ, ಬಣಕಲ್ಲಿನ ರಸ್ತೆಯಿಂದ ಎರಡು ಮೈಲಿ. ನನ್ನ ಯಜಮಾನರು ಆ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಕುಯ್ದ ಹಣ್ಣು ಅಳೆಸುವುದು ಅವರ ಕೆಲಸ. ನಮಗೆ ಕೊಟ್ಟಿದ್ದ ಮನೆಯ ಹಿತ್ತಲ ಬಾಗಿಲು ತೆಗೆದರೆ ಹತ್ತು ಹೆಜ್ಜೆಗೆ ಕಾಫಿ ಗಿಡ. ಕಕ್ಕಸು ಎಂಬುದು ತೋಟದ ದೊರೆಯ ಬಂಗಲೆಗೆ ಮಾತ್ರ. ನಾವು ಬೆಳಕು ಹರಿಯುವ ಮೊದಲು ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಗಿಡದ ಮರೆಗೆ ಹೋಗಿ ಬರಬೇಕು. ಬೇರೆ ತಿಂಗಳಲ್ಲಾದರೆ ಮಧ್ಯೆ ಒಮ್ಮೆ ನುಸುಳಬಹುದಿತ್ತು. ಕುಯ್ಲಿನಲ್ಲಿ ಪ್ರತಿ ಗಿಡದ ಹಿಂದೂ ಒಬ್ಬರು ಬುಟ್ಟಿ ಕಟ್ಟಿಕೊಂಡು ನಿಂತಿರುತ್ತಾರೆ, ಸಾಲಿನ ಕೊನೆಯಲ್ಲಿ ಮೇಸ್ತ್ರಿ ಕೂಗುತ್ತಿರುತ್ತಾನೆ. ರೈಟರ ಮನೆಯವರು ಅವರೆದುರು ಚೊಂಬು ಹಿಡಿದು ಹೋಗುವುದೆಂದರೇನು? ಅದಕ್ಕಿಂತ ಬಾಯಾರಿಕೆಯೇ ಮೇಲು ಎಂದು ಇದ್ದುಬಿಡುತ್ತಿದ್ದೆವು.

ಬಚ್ಚಲಿತ್ತಲ್ಲ ಎನ್ನಬಹುದು. ಇತ್ತು, ಅಡಿಗೆಮನೆಗೆ ಅಂಟಿಕೊಂಡೇ. ಅದರಲ್ಲಿ ಹಂಡೆ, ಹಂಡೆಯ ನೀರಿನಲ್ಲಿ ಮಿಂದು ಅತ್ತೆ ಪೂಜೆಗೆ ಕೂರುವುದು. ಆ ಕಲ್ಲಿನ ಮೇಲೆ ಸ್ನಾನ ಬಿಟ್ಟು ಬೇರೇನೂ ಆಗಕೂಡದು ಎಂಬುದು ಅವರ ಕಟ್ಟಪ್ಪಣೆ. ಮದುವೆಯಾಗಿ ಬಂದ ಮೊದಲ ವಾರದಲ್ಲೇ ನನಗೆ ಹೇಳಿದ್ದರು: "ನೋಡು ಮಾರಾಯ್ತಿ, ಈ ಮನೇಲಿ ಉಪ್ಪು ಹೆಚ್ಚಾದ್ರೂ ತಿಂತೀನಿ, ಹುಳಿ ಹೆಚ್ಚಾದ್ರೂ ತಿಂತೀನಿ. ಬಚ್ಚಲು ಹೊಲಸಾದ್ರೆ ಮಾತ್ರ ನನಗೆ ಆಗದು." ಅತ್ತೆಗೆ ಆಗ ಅರವತ್ತರ ಹತ್ತಿರ. ಮೂವತ್ತು ವರ್ಷದಿಂದ ಒಂಟಿಯಾಗಿ ಮಗನನ್ನು ಸಾಕಿದವರು. ಅವರ ಮಾತಿಗೆ ಎದುರಾಡುವವರು ಇರಲಿಲ್ಲ.

ನಾನು ಹೇಳುತ್ತಿರುವುದು ಯುದ್ಧದ ಕಾಲದ ಒಂದು ಕುಯ್ಲಿನ ಮಾತು. ಸೀಮೆಎಣ್ಣೆ ಅಳೆದು ಕೊಡುತ್ತಿದ್ದರು, ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಏದುಸಿರು ಬಿಡುತ್ತ ಓಡುತ್ತಿದ್ದವು. ಆ ವರ್ಷ ಆಳುಗಳು ವಾಸವಿದ್ದ ಕೂಲಿ ಲೈನುಗಳಿಗೆ ಒಂದು ಜ್ವರ ಬಂತು. ತೋಟದ ಡಿಸ್ಪೆನ್ಸರಿಯಲ್ಲಿ ಔಷಧಿ ಕೊಡುತ್ತಿದ್ದ ಡ್ರೆಸ್ಸರ್ ಅದನ್ನು ಇನ್‌ಫ್ಲೆಂಜಾ ಎಂದರು. ಮೊದಲು ಮೂಗಿನಲ್ಲಿ ನೀರು, ಆಮೇಲೆ ಮೈಯೆಲ್ಲ ಜಜ್ಜಿದ ಹಾಗೆ ನೋವು, ಕೊನೆಗೆ ಒಂದು ಒಣ ಕೆಮ್ಮು. ಬೆಳಗಿನ ಮಂಜಿನಲ್ಲಿ ಮನುಷ್ಯರು ಕಾಣುತ್ತಿರಲಿಲ್ಲ, ಗಿಡಗಳೇ ಕೆಮ್ಮುತ್ತಿದ್ದಂತೆ ಕೇಳುತ್ತಿತ್ತು. ಲೈನಿನಿಂದ ಅದು ಹಣ್ಣು ಅಳೆಯುವ ಜಾಗಕ್ಕೆ ಬಂತು, ಅಲ್ಲಿಂದ ಯಜಮಾನರ ಜೊತೆ ಮನೆಗೆ ಬಂತು. ಇವರು ನಾಲ್ಕು ದಿನ ಮಲಗಿ ಎದ್ದರು. ಇವರು ಎದ್ದ ದಿನ ಅತ್ತೆ ಮಲಗಿದರು.

ಮೊದಲ ದಿನ ಎಲ್ಲರಿಗೂ ಮಾಡುವುದನ್ನೇ ಮಾಡಿದೆ. ಕಾಫಿ ಸಿಪ್ಪೆ ಕುದಿಸಿ, ಶುಂಠಿ, ಮೆಣಸು, ಬೆಲ್ಲ ಹಾಕಿ ಖಾರ ಕಷಾಯ. ನಮ್ಮ ಕಡೆ ಶೀತಕ್ಕೆ ಅದೇ ಔಷಧಿ, ಗಂಟೆಗೊಂದು ಲೋಟ. ಅತ್ತೆ ಎರಡು ಲೋಟ ಕುಡಿದರು. ಮಧ್ಯಾಹ್ನದ ಹೊತ್ತಿಗೆ ಹಾಸಿಗೆಯ ಮೇಲೆ ಮಗ್ಗುಲು ಬದಲಾಯಿಸತೊಡಗಿದರು. ಎದ್ದು ಹಿತ್ತಲ ಬಾಗಿಲ ತನಕ ಹೋದರು, ನಿಂತರು, ವಾಪಸು ಬಂದರು. ಅಂದು ಕುಯ್ಲು ನಡೆಯುತ್ತಿದ್ದುದು ಸರಿಯಾಗಿ ನಮ್ಮ ಹಿತ್ತಲ ಕಡೆಯ ಗಿಡಗಳ ಪಟ್ಟೆಯಲ್ಲೇ.

"ಏನಾದ್ರೂ ಬೇಕಿತ್ತಾ ಅತ್ತೆ?"

"ಏನಿಲ್ಲ. ಗಾಳಿ ಹ್ಯಾಗಿದೆ ನೋಡಿದೆ."

ಗಾಳಿ ನೋಡಲು ಅವರು ಮೂರು ಸಲ ಎದ್ದರು.

ಸಂಜೆ ಅವರ ಸೀರೆ ಒಗೆಯಲು ಬಿತ್ತು. ಮರುದಿನ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಜ್ವರದಲ್ಲಿರುವವರು ದಿನಕ್ಕೆ ಮೂರು ಸೀರೆ ಉಡುವುದಿಲ್ಲ. ನನಗೆ ಇಂಥವೆಲ್ಲ ಕಣ್ಣಿಗೆ ಬೀಳುತ್ತವೆ, ಏನು ಮಾಡಲಿ, ಹುಟ್ಟುಗುಣ. ಕಷಾಯ ಚೆಲ್ಲಿತು ಎಂದರು. ಕಷಾಯದ ಕಲೆ ಸೀರೆಯ ಹಿಂಭಾಗಕ್ಕೆ ಹೇಗೆ ಬಂದೀತು? ನಾನು ಅವನ್ನು ಒಗೆದು ಹರವಿದೆ. ಆದರೆ ಅವರಿಗೆ ಕೆಮ್ಮು ಬಂದಾಗ ನಾನು ಹಾಸಿಗೆಯ ಪಕ್ಕದಲ್ಲೇ ಇದ್ದೆ. ಕೆಮ್ಮು ಬಂದ ಕೂಡಲೆ ಅವರು ಎದೆ ಹಿಡಿದುಕೊಳ್ಳಲಿಲ್ಲ. ಎರಡು ತೊಡೆಗಳನ್ನೂ ಒತ್ತಿ ಹಿಡಿದರು. ಹಿಡಿದರೂ ಆಗಲಿಲ್ಲ. ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

ಗೋಡೆಗೇ ಹೇಳಿದರು: "ಕೆಮ್ಮಿದ್ರೆ ತಡೆಯೋಕೆ ಆಗಲ್ಲ ಕಣೆ. ಎಳೆಕೂಸಿನ ಹಾಗೆ."

"ಕೆಮ್ಮು ಹೋದ್ರೆ ಅದೂ ಹೋಗತ್ತೆ ಅತ್ತೆ. ಡ್ರೆಸ್ಸರಿಗೆ ಒಂದು ಮಾತು ಹೇಳಿದ್ರೆ..."

ಅವರು ಈ ಕಡೆ ತಿರುಗಿ ನನ್ನ ಮಣಿಕಟ್ಟು ಹಿಡಿದರು. ಕೈ ಕೆಂಡದಂತಿತ್ತು. "ಯಾರಿಗೂ ಹೇಳಕೂಡದು. ಗಂಡಸರ ಬಾಯಿಗೆ ಇದು ಹೋಗಕೂಡದು. ನನ್ನ ಮಗನ ಮೇಲೆ ಆಣೆ."

ಅವರ ಮಗನೆಂದರೆ ನನ್ನ ಗಂಡ. ಕೈ ಬಿಡಿಸಿಕೊಳ್ಳುವಂತಿರಲಿಲ್ಲ. ಆಯಿತು ಎಂದೆ.

ಅಂದಿನಿಂದ ಅವರು ಕುಡಿಯುವುದನ್ನೇ ಬಿಟ್ಟರು. ಹಾಸಿಗೆ ಪಕ್ಕದಲ್ಲಿ ನಾನಿಟ್ಟ ಚೊಂಬು ಇಟ್ಟಲ್ಲೇ ತುಂಬಿಕೊಂಡಿರುತ್ತಿತ್ತು. ಕಷಾಯ ಕೊಟ್ಟರೆ ತುಟಿಗೆ ತಾಗಿಸಿ ಕೆಳಗಿಡುತ್ತಿದ್ದರು. ಗಂಜಿಯಲ್ಲಿ ಅಗುಳು ತಿಂದು ತಿಳಿ ಉಳಿಸುತ್ತಿದ್ದರು. ಹೊಟ್ಟೆಗೆ ನೀರು ಹೋಗದಿದ್ದರೆ ಕೆಮ್ಮಿದಾಗ ಬರುವುದಾದರೂ ಏನು ಎಂಬುದು ಅವರ ಲೆಕ್ಕ. ಆ ಲೆಕ್ಕ ನನಗೂ ತಪ್ಪೆನಿಸಲಿಲ್ಲ. ನಾವು ಹೆಂಗಸರು ಕುಯ್ಲಿನಲ್ಲಿ ಮಾಡುತ್ತ ಬಂದದ್ದೂ ಅದನ್ನೇ ಅಲ್ಲವೆ?

ಮೂರನೆಯ ದಿನ ಸಂಜೆ ಅವರನ್ನು ಹಿಡಿದುಕೊಂಡು ಹಿತ್ತಲಿಗೆ ಹೋದೆ. ಮಂಜು ಆಗಲೇ ಇಳಿಯುತ್ತಿತ್ತು. ತುಂಬ ಹೊತ್ತು ಕೂತರು. ಉರಿ ಉರಿ ಎಂದು ಹಲ್ಲು ಕಚ್ಚಿದರು. ನಾನು ಲಾಟೀನು ಕೆಳಗಿಳಿಸಿದ್ದೆ. ಅವರು ಎದ್ದಾಗ ಬೆಳಕು ಒಂದು ಬೋಳುಕಲ್ಲಿನ ಮೇಲೆ ಬಿತ್ತು. ಕಲ್ಲಿನ ಮೇಲಿದ್ದದ್ದು ಅಂಗೈಯಷ್ಟು. ಬಣ್ಣ ಮಾತ್ರ ಮೊದಲ ಸಲ ಇಳಿಸಿದ ಡಿಕಾಕ್ಷನ್ನಿನದು.

ಮಲೆಸೀಮೆಯ ತೋಟಗಳಲ್ಲಿ ಇದ್ದವರಿಗೆ ಆ ಬಣ್ಣ ಗೊತ್ತು. ಚಳಿಜ್ವರ ಮತ್ತೆ ಮತ್ತೆ ಬಂದವರಿಗೆ, ಕ್ವಿನೈನ್ ನುಂಗಿ ನುಂಗಿ ಸಾಕಾದವರಿಗೆ, ಒಂದು ದಿನ ಮೂತ್ರ ಕರ್ರಗಾಗುತ್ತದೆ. ಕರಿಮೂತ್ರದ ಜ್ವರ ಎನ್ನುತ್ತಿದ್ದರು. ಹಿಂದಿನ ವರ್ಷ ನಮ್ಮ ಪಕ್ಕದ ಮನೆಯಲ್ಲಿದ್ದ ಸ್ಟೋರ್ ಕೀಪರು ಹೋದದ್ದು ಅದರಲ್ಲೇ. ಅಂಥವರನ್ನು ಅಲುಗಿಸಕೂಡದು, ಗಾಡಿಗೆ ಹತ್ತಿಸಿದರೆ ದಾರಿಯಲ್ಲೇ ಪ್ರಾಣ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಅತ್ತೆಗೆ ಇದೇ ಜ್ವರಕ್ಕೆಂದು ಎರಡು ದಿನದಿಂದ ಕ್ವಿನೈನ್ ಕೊಟ್ಟಿದ್ದವಳು ನಾನು. ನನ್ನ ಕೈಯಿಂದಲೇ.

ಆ ಬಣ್ಣವನ್ನು ಯಾರಿಗೆ ಹೇಳಲಿ? ಹೇಳಿದರೆ ಆಣೆ ಮುರಿಯುತ್ತದೆ, ಆಣೆ ಇರುವುದು ಇವರ ತಲೆಯ ಮೇಲೆ. ಇವರೋ ಜ್ವರದಿಂದ ಎದ್ದು ಮೂರು ದಿನವಾಗಿಲ್ಲ, ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದರು. ಕ್ವಿನೈನ್ ಪೊಟ್ಟಣವನ್ನು ಒಲೆಗೆ ಹಾಕಿದೆ. ಅಷ್ಟು ಬಿಟ್ಟು ಬೇರೇನೂ ತೋಚಲಿಲ್ಲ.

ನಾಲ್ಕನೆಯ ದಿನ ಬೆಳಗಿನಜಾವ ಹಿತ್ತಲಿಗೆ ಹೋದಾಗ ಒಂದು ಹನಿಯೂ ಆಗಲಿಲ್ಲ. ಹನ್ನೊಂದು ಗಂಟೆಗೆ ಡ್ರೆಸ್ಸರ್ ಬಂದರು. ಕರಾವಳಿ ಕಡೆಯವರು, ನರೆತ ಮೀಸೆ, ಕಂಕುಳಲ್ಲಿ ಯಾವಾಗಲೂ ಒಂದು ಛತ್ರಿ. ಅವರು ಹೊಸ್ತಿಲಾಚೆ ಕೂರುವುದು, ಅತ್ತೆ ಒಳಗಿನಿಂದ ಉತ್ತರ ಕೊಡುವುದು ಪದ್ಧತಿ.

"ಕೆಮ್ಮು ಹೇಗುಂಟು ಅಮ್ಮ?"

"ಕಮ್ಮಿ."

"ಊಟ?"

"ಸೇರ್ತದೆ."

"ಮೂತ್ರ ಸಲೀಸಾಗಿ ಹೋಗ್ತದಾ?"

ಒಳಗೆ ಹಾಸಿಗೆ ಸರಿದ ಸದ್ದು. ನನ್ನ ಪಕ್ಕ ನಿಂತಿದ್ದ ಇವರು ನೆಲ ನೋಡಿದರು. ಡ್ರೆಸ್ಸರ್ ನನ್ನ ಕಡೆ ನೋಡಿದರು. ಬಾಗಿಲ ಸಂದಿಯಲ್ಲಿ ಅತ್ತೆಯ ಕಣ್ಣು ನನ್ನ ಮೇಲೆ ನೆಟ್ಟಿತ್ತು.

"ಹೋಗ್ತದೆ," ಎಂದೆ.

ಅವರು ಛತ್ರಿ ಎತ್ತಿಕೊಂಡು ಹೊರಟರು. ಇವರೂ ಹಣ್ಣು ಅಳೆಯುವ ಕಡೆ ಹೋದರು. ಆ ಒಂದು ಮಾತು ಹೇಳಿದ ಮೇಲೆ ನನಗೆ ಅನ್ನ ಬೇಯಿಸಲೂ ಕೈ ಬರಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಅತ್ತೆ ಮಂಡಿ ಮಡಚಿಕೊಂಡು ನರಳತೊಡಗಿದರು. ಮೈ ಬೆವರುತ್ತಿತ್ತು, ಕಾಲು ತಣ್ಣಗಿತ್ತು. ಕೆಮ್ಮು ಬಂದರೆ "ಅಯ್ಯೋ ಶಿವನೇ" ಎಂದು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಹೊದಿಕೆ ಸರಿಮಾಡುವ ನೆಪದಲ್ಲಿ ಕೈ ಇಟ್ಟು ನೋಡಿದೆ. ಹೊಕ್ಕುಳ ಕೆಳಗೆ ಬಿಗಿದು ತೆಂಗಿನಕಾಯಿಯಷ್ಟು ಗಟ್ಟಿ. ಮೂತ್ರ ಇಲ್ಲದೆ ಅಲ್ಲ, ಒಳಗೇ ನಿಂತಿದೆ ಎಂದು ಆಗ ಹೊಳೆಯಿತು.

"ಅತ್ತೆ, ಬಚ್ಚಲಿಗಾದ್ರೂ ಬನ್ನಿ. ನಾನೇ ತೊಳೀತೀನಿ."

"ಸತ್ತರೂ ಇಲ್ಲ."

"ಸಾಯೋ ಹಾಗೇ ಇದೀರಲ್ಲ!" ಎಂದುಬಿಟ್ಟೆ. ಹತ್ತು ವರ್ಷದಲ್ಲಿ ಅವರೆದುರು ನಾನು ಎತ್ತಿದ ಮೊದಲ ದನಿ ಅದು. ಅವರು ಕಣ್ಣು ಮುಚ್ಚಿಕೊಂಡರು, ಬೈಯಲೂ ಇಲ್ಲ. ಬೈಯದೆ ಇದ್ದದ್ದೇ ನನ್ನನ್ನು ಹೆದರಿಸಿತು.

ಚಾವಡಿಯಲ್ಲಿದ್ದ ಶಿವನ ಪಟದ ಎದುರು ನಿಂತು, ಆಣೆ ಮುರಿಯುವವಳು ನಾನು, ಏನಾದರೂ ಆಗುವುದಿದ್ದರೆ ನನಗೇ ಆಗಲಿ ಎಂದು ಹೇಳಿಕೊಂಡು ಹಿತ್ತಲ ಬಾಗಿಲಿನಿಂದ ಹೊರಟೆ. ಸುತ್ತು ದಾರಿಗೆ ಹೊತ್ತಿರಲಿಲ್ಲ. ಕುಯ್ಯುತ್ತಿದ್ದವರ ನಡುವೆಯೇ ಸೆರಗು ಕಟ್ಟಿ ಓಡಿದೆ. ಒಬ್ಬಳು ಕೊಂಬೆ ಬಿಟ್ಟು, "ರೈಟರಮ್ಮಾವ್ರು ಬುಟ್ಟಿ ಮರೆತು ಕುಯ್ಲಿಗೆ ಬಂದ್ರಲ್ಲೇ!" ಎಂದಳು, ಸಾಲೆಲ್ಲ ನಕ್ಕು, ನಕ್ಕದ್ದಕ್ಕೆ ಕೆಮ್ಮಿತು.

ಡಿಸ್ಪೆನ್ಸರಿಯಲ್ಲಿ ಡ್ರೆಸ್ಸರ್ ಸೀಸೆ ತೊಳೆಯುತ್ತಿದ್ದರು. ಹೊಸ್ತಿಲಲ್ಲಿ ನಿಂತು, ಅವರ ಮುಖ ನೋಡದೆ, ಎಲ್ಲ ಹೇಳಿದೆ. ಸೀರೆ, ಕೆಮ್ಮು, ತುಂಬಿದ ಚೊಂಬು, ಕಲ್ಲಿನ ಮೇಲಿನ ಬಣ್ಣ, ಒಲೆಗೆ ಹಾಕಿದ ಕ್ವಿನೈನ್, ಬೆಳಿಗ್ಗೆ ಹೇಳಿದ ಸುಳ್ಳು.

"ಕಣ್ಣು ಹಳದಿ ಉಂಟಾ?"

"ಇಲ್ಲ."

"ಬಣ್ಣ ಬದಲಾಗೋ ಮೊದಲು ಗಡಗಡ ಚಳಿ ಬಂದಿತ್ತಾ?"

"ಇಲ್ಲ. ಜ್ವರ ಒಂದೇ ಸಮ ಇದೆ."

"ನಾಲ್ಕು ದಿನದಲ್ಲಿ ಎಷ್ಟು ನೀರು ಕುಡಿದಿದ್ದಾರೆ?"

ಲೆಕ್ಕ ನನ್ನ ಬಾಯಲ್ಲೇ ಇತ್ತು. "ಮೊದಲ ದಿನ ಎರಡು ಲೋಟ ಕಷಾಯ. ಆಮೇಲೆ ಎಲ್ಲ ಸೇರಿ ಒಂದು ಚೊಂಬೂ ಇಲ್ಲ."

ಡ್ರೆಸ್ಸರ್ ಸೀಸೆ ಕೆಳಗಿಟ್ಟರು. "ಅದು ಕರಿಮೂತ್ರದ ಜ್ವರ ಅಂತ ನನಗೆ ಕಾಣೋದಿಲ್ಲ. ಜ್ವರ ಮೈಯ ನೀರನ್ನ ಹೀರ್ತದೆ, ಇವರು ಮೇಲಿಂದ ಹೊಯ್ಯಲಿಲ್ಲ. ಉಳಿದದ್ದು ಬತ್ತಿ ಕಷಾಯ ಆಯ್ತು. ಬತ್ತಿದ್ದು ಉರೀತದೆ. ಉರಿಗೆ ಹೆದರಿ, ನಾಚಿಕೆಗೆ ಹೆದರಿ ಹಿಡಿದಿಟ್ಟರು. ಹಿಡಿದೂ ಹಿಡಿದೂ ಈಗ ಬಿಡು ಅಂದ್ರೂ ಬಿಡ್ತಾ ಇಲ್ಲ. ಈ ಜ್ವರದಲ್ಲಿ ಲೈನಲ್ಲೂ ಇಬ್ಬರು ಮುದುಕಿಯರಿಗೆ ಹೀಗೇ. ಅವರೂ ಬಾಯಿ ಬಿಡಲಿಲ್ಲ, ಸೊಸೆಯರೇ ಬಂದು ಹೇಳಿದ್ದು."

"ಈಗೇನು ಮಾಡೋದು?"

"ಬಿಸಿನೀರಲ್ಲಿ ಸೊಂಟದ ತನಕ ಕೂರಿಸಿ. ಮೈ ಸಡಿಲಾಗ್ಬೇಕು. ಐದು ಗಂಟೆ ತನಕ ನೋಡುವ. ಆಗಲಿಲ್ವೋ, ರಬ್ಬರ್ ನಳಿಗೆ ಹಾಕ್ಬೇಕು. ಇಲ್ಲಿ ಇರೋನು ನಾನೊಬ್ಬ ಗಂಡಸು. ನರ್ಸಮ್ಮ ಬೇಕಂದ್ರೆ ಚಿಕ್ಕಮಗಳೂರು. ಐದಕ್ಕೆ ಪಾರ್ಚ್‌ಮೆಂಟ್ ಕಾಫಿ ಮೂಟೆಯ ಲಾರಿ ಹೊರಡ್ತದೆ, ಮೂಟೆ ಮೇಲೆ ಹಾಸಿಗೆ ಹಾಕಿ ಕಳಿಸ್ಬೇಕು. ಆ ಎದೆ, ಈ ಮಂಜು, ಆ ರಸ್ತೆ. ತಲುಪ್ತಾರೆ ಅಂತ ನಾನು ಹೇಳೋದಿಲ್ಲ."

ಆಗ ಗಂಟೆ ಎರಡೂವರೆ.

ಮನೆಯಲ್ಲಿ ಮನುಷ್ಯರು ಕೂರುವಷ್ಟು ದೊಡ್ಡ ಪಾತ್ರೆ ಇರಲಿಲ್ಲ. ಇದ್ದದ್ದು ಹಣ್ಣು ಅಳೆಯುವ ಜಾಗದಲ್ಲಿ. ಕಾಫಿ ಹಣ್ಣನ್ನು ನೀರಿಗೆ ಹಾಕಿ ಜೊಳ್ಳು ತೇಲಿಸಲು ಅಲ್ಲಿ ಒಂದು ತಗಡಿನ ಟಬ್ಬು ಇಟ್ಟಿದ್ದರು. ನೇರ ಅಲ್ಲಿಗೇ ಹೋದೆ. ಇವರು ಪುಸ್ತಕ ಹಿಡಿದು ನಿಂತಿದ್ದರು. ಪಕ್ಕಕ್ಕೆ ಕರೆದು, ಟಬ್ಬು ಬೇಕು, ಅತ್ತೆಗೆ ಮೂತ್ರ ಕಟ್ಟಿದೆ ಎಂದೆ. ಅವರ ಮುಖ ಒಮ್ಮೆ ಕೆಂಪಾಗಿ ಆಮೇಲೆ ಬಿಳಿಚಿತು. ಟಬ್ಬನ್ನು ಮಗುಚಿ, ಹಣ್ಣನ್ನೆಲ್ಲ ನೆಲಕ್ಕೆ ಸುರಿದು, ತಾವೇ ತಲೆಯ ಮೇಲೆ ಹೊತ್ತರು. ರೈಟರು ಟಬ್ಬು ಹೊತ್ತು ನಡೆದದ್ದನ್ನು ಆ ತೋಟದಲ್ಲಿ ತುಂಬ ದಿನ ಆಡಿಕೊಂಡರು.

ಹಂಡೆಯ ನೀರು ಕಾದೇ ಇತ್ತು. ಟಬ್ಬನ್ನು ಬಚ್ಚಲ ಕಲ್ಲಿನ ಮೇಲಿಟ್ಟು ಕೈ ತಾಳುವಷ್ಟು ಹದ ಮಾಡಿದೆ. ಅತ್ತೆಯನ್ನು ಎತ್ತಿಕೊಂಡೇ ತಂದೆ, ಅಷ್ಟು ಹಗುರವಾಗಿದ್ದರು. ಬಾಗಿಲಲ್ಲಿ ಚೌಕಟ್ಟು ಹಿಡಿದುಕೊಂಡರು.

"ಇಲ್ಲೇ?"

"ಇಲ್ಲೇ."

"ಯಾರಿಗೆ ಹೇಳಿ ಬಂದೆ?"

ಸುಳ್ಳು ಹೇಳಬಹುದಿತ್ತು. "ಡ್ರೆಸ್ಸರಿಗೆ. ನಿಮ್ಮ ಮಗನಿಗೆ."

ಚೌಕಟ್ಟಿನ ಮೇಲಿದ್ದ ಕೈ ತಾನಾಗಿ ಬಿಟ್ಟಿತು. ನೀರಿಗೆ ಇಳಿಸಿದೆ. ಕೂತರು. ಅರ್ಧ ಗಂಟೆ ಕೂತರು. ನೀರು ಆರುತ್ತಿದ್ದಂತೆ ಬಿಸಿ ಹೊಯ್ದೆ. ಏನೂ ಆಗಲಿಲ್ಲ. ಬಚ್ಚಲ ಗೋಡೆಯ ಆಚೆ ಕುಯ್ಯುವವರ ಮಾತು, ಕೆಮ್ಮು, ಹಣ್ಣು ಬುಟ್ಟಿಗೆ ಬೀಳುವ ಸದ್ದು ಕೂಡ ಕೇಳುತ್ತಿತ್ತು. ನಮಗೆ ಅವರದ್ದು ಕೇಳಿದರೆ ಅವರಿಗೆ ನಮ್ಮದು ಕೇಳದೆ? ಪ್ರತಿ ದನಿಗೂ ಅತ್ತೆಯ ಬೆನ್ನು ಸೆಟೆಯುತ್ತಿತ್ತು.

ಬಾಗಿಲ ಹೊರಗೆ ನಿಂತಿದ್ದ ಇವರಿಗೆ ಸಂದಿಯಿಂದಲೇ ಹೇಳಿದೆ: "ಆ ಜನಾನ ಇಲ್ಲಿಂದ ಎಬ್ಬಿಸಿ."

ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಮೇಸ್ತ್ರಿಯ ದನಿ ಏರಿತು. "ಏನ್ ರೈಟರ್ರೇ, ಪಟ್ಟೆ ಅರ್ಧಕ್ಕೆ ಬಿಡೋದಾ? ಗಿಡದ ತುಂಬ ಹಣ್ಣು! ದೊರೆ ನೋಡಿದ್ರೆ ನನ್ನ ಚರ್ಮ ಸುಲೀತಾರೆ."

"ನನ್ನದು ಸುಲೀಲಿ ಮಾರಾಯ. ನೀನು ಹಳ್ಳದ ಕಡೆ ನಡಿ."

"ಯಾಕೆ ಅಂತಾದ್ರೂ..."

"ನಡೀ ಅಂದ್ನಲ್ಲ!"

ಬುಟ್ಟಿಗಳು ಎದ್ದ ಸದ್ದು, ಗೊಣಗಾಟ, ಕೆಮ್ಮು, ಎಲ್ಲ ಇಳಿಜಾರಿನಲ್ಲಿ ದೂರವಾಯಿತು. ನನ್ನ ನೆನಪಿನಲ್ಲಿ ಕುಯ್ಲಿನ ಹಗಲಿನಲ್ಲಿ ನಮ್ಮ ಹಿತ್ತಲು ಹಾಗೆ ಬರಿದಾಗಿದ್ದು ಅದೊಂದೇ ಸಲ. ಆದರೂ ಏನೂ ಆಗಲಿಲ್ಲ. ಅಡಿಗೆಮನೆಯ ಗಡಿಯಾರ ನಾಲ್ಕು ಹೊಡೆಯಿತು. ದೂರದಲ್ಲಿ ಲಾರಿಗೆ ಮೂಟೆ ಎಸೆಯುವುದು ಕೇಳುತ್ತಿತ್ತು, ಧಬ್, ಧಬ್. ಅತ್ತೆಯ ತುಟಿ ನೀಲಿಯಾಗಿತ್ತು. "ಸಾಕು ಕಣೆ, ಹಾಸಿಗೆಗೆ ಹಾಕು," ಎಂದರು.

ಟಬ್ಬಿನ ಅಂಚಿಗೆ ತಾಗಿ ಕೂತು ಅವರ ಬೆನ್ನಿಗೆ ನನ್ನ ಎದೆ ಕೊಟ್ಟೆ. ಒಂದು ಕೈಯಲ್ಲಿ ಚೊಂಬು ತುಂಬಿ ಎತ್ತರದಿಂದ ಟಬ್ಬಿಗೆ ಸಣ್ಣಗೆ ಹೊಯ್ಯತೊಡಗಿದೆ. ಮಕ್ಕಳಿಗೆ ಮಾಡುವಂತೆ. ಒಂದು ಚೊಂಬು, ಇನ್ನೊಂದು, ಮತ್ತೊಂದು. ಎಷ್ಟನೆಯದಕ್ಕೋ ಅವರಿಗೆ ಕೆಮ್ಮು ಬಂತು. ತೊಡೆ ಒತ್ತಿ ಹಿಡಿಯಲು ಹೋದರು. ನಾನು ಮಂಡಿಯ ಮೇಲೆ ಕೈ ಇಟ್ಟು, "ಹಿಡೀಬೇಡಿ ಅತ್ತೆ, ಬಿಟ್ಟುಬಿಡಿ, ಯಾರೂ ಇಲ್ಲ, ನಾನೊಬ್ಬಳೇ," ಎಂದೆ.

ಅವರ ಮೈ ಒಮ್ಮೆ ನಡುಗಿತು. ಟಬ್ಬಿನ ನೀರಿನಲ್ಲಿ ಕಂದು ಬಣ್ಣದ ಒಂದು ಎಳೆ ಹೊರಟು, ಹರಡಿ, ಕದಡಿತು. ನಿಲ್ಲಲಿಲ್ಲ. ಅತ್ತೆ ತಲೆಯನ್ನು ನನ್ನ ಭುಜಕ್ಕೆ ಒರಗಿಸಿ ಗಟ್ಟಿಯಾಗಿ ಅಳತೊಡಗಿದರು. ಬಾಗಿಲಾಚೆ ಇವರು, "ಏನಾಯ್ತು? ಏನಾಯ್ತೇ?" ಎಂದು ಬಡಿದರು.

"ಲಾರಿ ನಮಗೆ ಬೇಡ, ಹೋಗ್ಲಿ ಅನ್ನಿ," ಎಂದೆ.

ಡ್ರೆಸ್ಸರ್ ಸಂಜೆ ಬಂದು ಬಾರ್ಲಿ ನೀರು, ಗಂಜಿ ತಿಳಿ, ಎಳನೀರು, ಏನಾದರೂ ಸರಿ, ಗಂಟೆಗೊಂದು ಲೋಟ ಎಂದರು. ಖಾರ ಕಷಾಯ ಮಾತ್ರ ಬೇಡ, ಅದು ಕೆರಳಿಸುತ್ತದೆ ಎಂದರು. ಅತ್ತೆ ಕೊಟ್ಟದ್ದನ್ನೆಲ್ಲ ಕುಡಿದರು. ಎರಡು ದಿನದಲ್ಲಿ ಬಣ್ಣ ತಿಳಿಯಾಯಿತು, ಉರಿ ಇಳಿಯಿತು. ಕೆಮ್ಮು ಮಾತ್ರ ವಾರಗಟ್ಟಲೆ ಉಳಿಯಿತು. ನನ್ನೊಡನೆ ಮಾತು ನಿಂತಿತು. ಬೇಕಾದದ್ದನ್ನು ಬೆಕ್ಕಿಗೆ ಹೇಳುತ್ತಿದ್ದರು: "ಉಪ್ಪಿನಕಾಯಿ ಭರಣಿ ಬಾಯಿ ತೆರೆದಿದೆ, ಯಾರಿಗೂ ಕಣ್ಣಿಲ್ಲ."

ಅದು ಸಹಿಸಬಹುದಿತ್ತು. ಅದೇ ವಾರ ಇವರಿಗೆ ಜ್ವರ ಮರುಕಳಿಸಿತು. ಎಂಟು ದಿನ ನಾನು ಇವರ ಹಣೆ ಮುಟ್ಟಿ ಮುಟ್ಟಿ ನೋಡಿದೆ. ಮುಟ್ಟಿದಾಗಲೆಲ್ಲ ಆಣೆ ನೆನಪಾಗುತ್ತಿತ್ತು. ಅತ್ತೆ ಆ ಮೂಲೆಯಿಂದ ನೋಡುತ್ತಿದ್ದರು, ನಾನು ಈ ಮೂಲೆಯಿಂದ. ಇಬ್ಬರೂ ಒಂದೇ ವಿಷಯ ಯೋಚಿಸುತ್ತಿದ್ದೆವು. ಒಂಬತ್ತನೆಯ ದಿನ ಇವರು ಎದ್ದು, ಹಸಿವಾಗುತ್ತದೆ ಎಂದರು.

ಕೊನೆಗೆ ಜ್ವರ ನನ್ನನ್ನೂ ಹಿಡಿಯಿತು. ಎರಡನೆಯ ದಿನ ಕೆಮ್ಮಿ ಕೆಮ್ಮಿ ಸುಸ್ತಾಗಿ ಮಲಗಿದ್ದಾಗ ಅತ್ತೆ ಬಂದು ಹಾಸಿಗೆ ಪಕ್ಕ ತುಂಬಿದ ಚೊಂಬು ಇಟ್ಟರು. ನಾನು ಒಂದು ಗುಟುಕು ಕುಡಿದು ಕೆಳಗಿಟ್ಟೆ.

"ಪೂರ್ತಿ ಕುಡಿ," ಎಂದರು. ತಿಂಗಳ ಮೇಲೆ ನನಗೇ ಹೇಳಿದ ಮೊದಲ ಮಾತು. "ಬಂದ್ರೆ ಬಚ್ಚಲಿಗೆ ಹೋಗು. ಹಿತ್ತಲಿಗೆ ಹೋಗಬೇಡ, ಮಂಜು."

ನಾನು ತಲೆ ಎತ್ತಿ ಅವರ ಮುಖ ನೋಡಿದೆ.

"ಏನು ನೋಡ್ತೀ? ಹಂಡೆ ಚಾವಡಿ ಕಡೆ ತಂದಿಟ್ಟಿದೀನಿ. ನನ್ನ ಸ್ನಾನ ಇನ್ನು ಅಲ್ಲೇ, ತೆರೆ ಕಟ್ಟಿಕೊಂಡು."

ಗುಣವಾಗಿ ಎದ್ದ ಮೇಲೆ ದೇವರ ಗೂಡು ಒರೆಸುವಾಗ ಪಟದ ಹಿಂದೆ ಒಂದು ತೆಂಗಿನಕಾಯಿ ಸಿಕ್ಕಿತು, ಅರಿಶಿನದ ಬಟ್ಟೆಯಲ್ಲಿ ಸುತ್ತಿದ್ದು. ಆಣೆ ಕಳೆಯಲೆಂದು ಕಳಸದ ದೇವಸ್ಥಾನದ ಈಶ್ವರನಿಗೆ ಎತ್ತಿಟ್ಟದ್ದಂತೆ. ಯಾವಾಗ ಎತ್ತಿಟ್ಟಿರಿ ಎಂದು ಕೇಳಿದೆ, ಮಗನಿಗೆ ಜ್ವರ ಮರುಕಳಿಸಿದಾಗಲೇ ಇರಬೇಕು ಎಂದುಕೊಂಡು.

"ಟಬ್ಬಿಂದ ಎದ್ದ ದಿನಾನೇ," ಎಂದರು ಅತ್ತೆ. "ನೀನು ಲಾರಿ ಹೋಗ್ಲಿ ಅಂತ ಹೇಳ್ತಿದ್ದಾಗ ಮನಸಲ್ಲಿ ಎತ್ತಿಟ್ಟೆ. ಹಾಗಂತ ನಿನ್ನ ಮೇಲೆ ಸಿಟ್ಟಿರಲಿಲ್ಲ ಅಂದ್ಕೋಬೇಡ. ಇತ್ತು. ಚೊಂಬು ಖಾಲಿಯಾಯ್ತಾ?"